ವಿಶ್ಲೇಷಣೆ: ಎಂಟ್ರಿ ಫೀ ಇದೆ, ಬಹುಮಾನವೂ ಇದೆ, ನಿಯಮ ಎಲ್ಲಿದೆ? ಫೈಟಿಂಗ್ ಗೇಮ್ ಟೂರ್ನಿಗಳಿಗೆ ಬೇಕಿರುವುದು ಒಂದೇ ಒಂದು ಪುಟ

ಮೈಸೂರು: ವಿಜಯದಶಮಿಯಂದು ಅರಮನೆಯ ಕರಿಕಲ್ಲು ತೊಟ್ಟಿಯಲ್ಲಿ ನಡೆಯುವ ವಜ್ರಮುಷ್ಟಿ ಕಾಳಗದ ನಿಯಮ ಒಂದೇ ಸಾಲಿನದು. ಜಟ್ಟಿಗಳಲ್ಲಿ ಒಬ್ಬರ ತಲೆಯಿಂದ ರಕ್ತ ಚಿಮ್ಮಿತೋ, ಕಾಳಗ ಮುಗೀತು. ದಸರಾ ಕುಸ್ತಿಯಲ್ಲೂ ಅಷ್ಟೇ. ಪಂದ್ಯಕ್ಕೆ ಎಷ್ಟೋ ದಿನ ಮೊದಲೇ ಪೈಲ್ವಾನರನ್ನು ಕರೆಸಿ, ತೂಕ, ವಯಸ್ಸು ನೋಡಿ ಜೋಡಿ ಕಟ್ಟುತ್ತಾರೆ. ನಾಡಕುಸ್ತಿಯೋ ಪಾಯಿಂಟ್ ಕುಸ್ತಿಯೋ ಅನ್ನೋದು ಅಖಾಡಕ್ಕೆ ಇಳಿಯುವವನಿಗೂ ಗೊತ್ತು, ಸುತ್ತ ಕೂತು ಶಿಳ್ಳೆ ಹೊಡೆಯುವವನಿಗೂ ಗೊತ್ತು.

ಇದೇ ಊರಿನ ಹುಡುಗರು ಪರದೆಯ ಮೇಲೆ ಆಡುವ ಕುಸ್ತಿಗೆ ಮಾತ್ರ ಇಷ್ಟು ಸ್ಪಷ್ಟತೆ ಇನ್ನೂ ಬಂದಿಲ್ಲ. ಟೆಕನ್, ಸ್ಟ್ರೀಟ್ ಫೈಟರ್‌ನಂಥ ಆಟಗಳ ಟೂರ್ನಿ ಎಂದು ಪೋಸ್ಟರ್ ಬರುತ್ತದೆ. ಎಂಟ್ರಿ ಫೀ ಎಷ್ಟು, ಮೊದಲ ಬಹುಮಾನ ಎಷ್ಟು, ಯಾವ ನಂಬರ್‌ಗೆ ದುಡ್ಡು ಹಾಕಬೇಕು ಎಲ್ಲವೂ ಇರುತ್ತದೆ. ನಿಯಮದ ಜಾಗದಲ್ಲಿ ಬಹಳ ಸಲ ಇರುವುದು ಒಂದೇ ಸಾಲು: ‘ಆಯೋಜಕರ ತೀರ್ಮಾನವೇ ಅಂತಿಮ’. ಟೆನಿಸ್ ಬಾಲ್ ಕ್ರಿಕೆಟ್ ಪೋಸ್ಟರ್‌ನಿಂದ ಎತ್ತಿಕೊಂಡ ಸಾಲು ಅದು. ಕ್ರಿಕೆಟ್‌ನಲ್ಲಿ ಅದು ನಡೆಯುತ್ತದೆ, ಯಾಕೆಂದರೆ ಎಲ್‌ಬಿಡಬ್ಲ್ಯು ಅಂದ್ರೆ ಏನು ಅಂತ ಮೈದಾನದಲ್ಲಿರುವ ಎಲ್ಲರಿಗೂ ಗೊತ್ತು. ಇಲ್ಲಿ ಆಯೋಜಕರಿಗೂ ಗೊತ್ತಿರದ ನಿಯಮದ ಮೇಲೆ ಆಯೋಜಕರದೇ ತೀರ್ಮಾನ.

ಇದು ಹುಡುಗಾಟಿಕೆಯ ವಿಷಯವಾಗಿ ಉಳಿದಿಲ್ಲ ಅನ್ನುವುದಕ್ಕೆ ಎರಡು ಕಾರಣಗಳಿವೆ. ಒಂದು, ಜಪಾನ್‌ನ ಐಚಿ-ನಗೊಯಾದ 2026ರ ಏಷ್ಯನ್ ಗೇಮ್ಸ್‌ನ ಇ-ಸ್ಪೋರ್ಟ್ಸ್ ಪಟ್ಟಿಯಲ್ಲಿ ಸ್ಟ್ರೀಟ್ ಫೈಟರ್ 6, ಟೆಕನ್ 8, ಕಿಂಗ್ ಆಫ್ ಫೈಟರ್ಸ್ 15 ಎಂಬ ಮೂರು ಫೈಟಿಂಗ್ ಗೇಮ್‌ಗಳಿವೆ. ಎರಡು, 2025ರ ಆಗಸ್ಟ್‌ನಲ್ಲಿ ಸಂಸತ್ತು ಅಂಗೀಕರಿಸಿದ ಆನ್‌ಲೈನ್ ಗೇಮಿಂಗ್ ಉತ್ತೇಜನ ಮತ್ತು ನಿಯಂತ್ರಣ ಕಾಯ್ದೆ, ಇ-ಸ್ಪೋರ್ಟ್ ಯಾವುದು, ದುಡ್ಡಿನ ಆಟ ಯಾವುದು ಎಂದು ಗೆರೆ ಎಳೆದಿದೆ. ಆ ಗೆರೆಯ ಒಂದು ಮುಖ್ಯ ಅಂಶವೇ ‘ಮೊದಲೇ ನಿಗದಿಯಾದ ನಿಯಮಗಳು’. ನಿಯಮದ ಪುಟ ಇರುವುದು, ಇಲ್ಲದಿರುವುದು ಇನ್ನು ಮುಂದೆ ಆಯೋಜಕರ ಸೌಜನ್ಯದ ಪ್ರಶ್ನೆಯಷ್ಟೇ ಆಗಿರುವುದಿಲ್ಲ.

ನಿಯಮ ಬರೆದವರು ಆಡುವವರೇ

ಕ್ರಿಕೆಟ್‌ಗೆ ಐಸಿಸಿ, ಫುಟ್‌ಬಾಲ್‌ಗೆ ಫಿಫಾ ಇದ್ದ ಹಾಗೆ ಫೈಟಿಂಗ್ ಗೇಮ್‌ಗಳಿಗೆ ಒಂದು ದೊಡ್ಡ ಮನೆ ಅಂತ ಇರಲಿಲ್ಲ. ನಿಯಮಗಳು ಹುಟ್ಟಿದ್ದು ನಾಣ್ಯ ಹಾಕಿ ಆಡುವ ಆರ್ಕೇಡ್ ಅಂಗಡಿಗಳಲ್ಲಿ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 1996ರಲ್ಲಿ ‘ಬ್ಯಾಟಲ್ ಬೈ ದ ಬೇ’ ಎಂಬ ಸಣ್ಣ ಟೂರ್ನಿ ಶುರುವಾಯಿತು. 2002ರಲ್ಲಿ ಅದರ ಹೆಸರು ಎವಲ್ಯೂಷನ್ ಎಂದಾಯಿತು. ಆಟಗಾರರ ಬಾಯಲ್ಲಿ ‘ಇವೊ’. ಇವತ್ತಿಗೆ ಈ ಆಟಗಳ ಅತಿ ದೊಡ್ಡ ವಾರ್ಷಿಕ ಜಾತ್ರೆ ಅದೇ. 2021ರಲ್ಲಿ ಸೋನಿ ಅದರಲ್ಲಿ ಪಾಲು ಕೊಂಡಿತು. 2025ರಲ್ಲಿ ಆ ಪಾಲು ಭಾರತದ ನಾಡ್‌ವಿನ್ ಗೇಮಿಂಗ್ ಕಂಪನಿಯ ಕೈಗೆ ಬಂತು.

ಇವೊದಲ್ಲಿ ಬಳಸುವ ನಿಯಮಗಳು, ಸ್ಟ್ರೀಟ್ ಫೈಟರ್ ತಯಾರಿಸುವ ಕ್ಯಾಪ್‌ಕಾಮ್ ಕಂಪನಿಯ ಪ್ರೊ ಟೂರ್ ನಿಯಮಗಳು, ಊರೂರಿನ ಸಣ್ಣ ಟೂರ್ನಿಗಳ ನಿಯಮಗಳು ಸುಮಾರಾಗಿ ಒಂದನ್ನೊಂದು ಹೋಲುತ್ತವೆ. ಎಲ್ಲೋ ಒಂದು ಕಡೆ ಜಗಳ ಆಯ್ತು, ಮುಂದಿನ ಸಲ ಹಾಗಾಗದಿರಲಿ ಅಂತ ಒಂದು ಸಾಲು ಸೇರಿತು. ಪಟ್ಟಿ ಬೆಳೆದದ್ದು ಹೀಗೆ. ಹಾಗಾಗಿ ಪ್ರತಿ ನಿಯಮದ ಹಿಂದೆ ಏನು ಜಗಳ ಇದೆ ಎಂದು ತಿಳಿದರೆ, ಅದು ಇಲ್ಲಿಗೂ ಯಾಕೆ ಬೇಕು ಎಂಬುದು ತಾನಾಗೇ ಗೊತ್ತಾಗುತ್ತದೆ.

ಒಂದು ಸೋಲಿಗೆ ಮನೆಗಿಲ್ಲ

ಮೊದಲ ನಿಯಮ, ಎರಡು ಸಲ ಸೋತವನು ಮಾತ್ರ ಹೊರಗೆ. ಇದಕ್ಕೆ ಡಬಲ್ ಎಲಿಮಿನೇಷನ್ ಅಂತಾರೆ. ಎಲ್ಲರೂ ಗೆದ್ದವರ ಪಟ್ಟಿಯಲ್ಲಿ ಶುರು ಮಾಡುತ್ತಾರೆ. ಒಮ್ಮೆ ಸೋತವನು ಸೋತವರ ಪಟ್ಟಿಗೆ ಇಳಿಯುತ್ತಾನೆ. ಅಲ್ಲೂ ಸೋತರೆ ಮನೆಗೆ. ಅಲ್ಲಿ ಗೆಲ್ಲುತ್ತಾ ಹೋದರೆ ಫೈನಲ್ ತನಕ ಬರಬಹುದು. ಫೈನಲ್‌ನಲ್ಲಿ ಒಂದೂ ಸೋಲದೆ ಬಂದವನಿಗೆ ಒಂದು ಸೋಲಿನ ಅವಕಾಶ ಇನ್ನೂ ಬಾಕಿ ಇರುತ್ತದೆ. ಆದ್ದರಿಂದ ಕೆಳಗಿನ ಪಟ್ಟಿಯಿಂದ ಬಂದವನು ಅವನನ್ನು ಎರಡು ಬಾರಿ ಸೋಲಿಸಬೇಕು.

ಇದು ಯಾಕೆ ಬೇಕು? ಫೈಟಿಂಗ್ ಗೇಮ್‌ನ ಒಂದು ಸುತ್ತು ಒಂದು ನಿಮಿಷದೊಳಗೆ ಮುಗಿಯುತ್ತದೆ. ಒಬ್ಬ ಒಳ್ಳೆಯ ಆಟಗಾರ ಮೊದಲ ಪಂದ್ಯದಲ್ಲಿ ಕೈ ಬಿಸಿಯಾಗುವ ಮೊದಲೇ ಹೊರಬೀಳಬಹುದು. ಜೋಡಿ ಕಟ್ಟುವಾಗ ಎಡವಟ್ಟಾಗಿ ಇಬ್ಬರು ಬಲಿಷ್ಠರು ಮೊದಲ ಸುತ್ತಿನಲ್ಲೇ ಎದುರಾದರೆ ಅವರಲ್ಲಿ ಒಬ್ಬನ ಆಟ ಹತ್ತು ನಿಮಿಷಕ್ಕೇ ಮುಗಿಯುತ್ತದೆ. ಎರಡನೇ ಅವಕಾಶ ಈ ಅನ್ಯಾಯವನ್ನು ಸರಿಪಡಿಸುತ್ತದೆ.

ಈ ಆಟದ ಚರಿತ್ರೆಯಲ್ಲಿ ಅತಿ ಹೆಚ್ಚು ಜನ ನೋಡಿದ ಕ್ಷಣವೂ ಇದೇ ನಿಯಮದ ಕೂಸು. 2004ರ ಇವೊದಲ್ಲಿ ಜಪಾನಿನ ಡೈಗೊ ಉಮೆಹಾರಾ, ಅಮೆರಿಕದ ಜಸ್ಟಿನ್ ವಾಂಗ್ ಎದುರು ಆಡುತ್ತಿದ್ದರು. ಡೈಗೊ ಅವರ ಪಾತ್ರಕ್ಕೆ ಉಳಿದಿದ್ದ ಜೀವ ಎಷ್ಟೆಂದರೆ, ಒಂದು ಏಟನ್ನು ಬರೀ ತಡೆದರೂ ಸಾಯುವಷ್ಟು. ಎದುರಾಳಿಯ ಮಹಾ ದಾಳಿಯ 15 ಏಟುಗಳನ್ನೂ ಒಂದೊಂದಾಗಿ, ಸರಿಯಾದ ಕ್ಷಣಕ್ಕೆ ಕೊಡವಿ ಹಾಕಿ ತಿರುಗಿ ಹೊಡೆದು ಗೆದ್ದರು. ಆ ಪಂದ್ಯ ನಡೆದದ್ದು ಸೋತವರ ಪಟ್ಟಿಯ ಫೈನಲ್‌ನಲ್ಲಿ. ಅಂದರೆ ಇಬ್ಬರೂ ಆಗಲೇ ಒಮ್ಮೊಮ್ಮೆ ಸೋತವರು. ಒಂದು ಸೋಲಿಗೇ ಮನೆಗೆ ಕಳಿಸುವ ಟೂರ್ನಿಯಾಗಿದ್ದರೆ ಆ ಪಂದ್ಯವೇ ಇರುತ್ತಿರಲಿಲ್ಲ. ಅಂದು ಟೂರ್ನಿ ಗೆದ್ದವರು ಡೈಗೊ ಕೂಡ ಅಲ್ಲ, ಅವರನ್ನು ಫೈನಲ್‌ನಲ್ಲಿ ಸೋಲಿಸಿದ ಕೆಂಜಿ ಒಬಾಟಾ.

‘ಇಷ್ಟೊಂದು ಪಂದ್ಯ ಆಡಿಸೋಕೆ ಟೈಮ್ ಎಲ್ಲಿದೆ’ ಎಂಬುದು ಆಯೋಜಕರ ಮಾಮೂಲಿ ದೂರು. ಲೆಕ್ಕ ಹಾಕಿ ನೋಡಬಹುದು. 32 ಜನರಿದ್ದರೆ ಒಂದೇ ಸೋಲಿನ ಪದ್ಧತಿಯಲ್ಲಿ 31 ಪಂದ್ಯ. ಎರಡು ಸೋಲಿನ ಪದ್ಧತಿಯಲ್ಲಿ 62, ಫೈನಲ್ ಎರಡನೇ ಸಲ ಆಡಿಸಬೇಕಾಗಿ ಬಂದರೆ 63. ಕಂಟ್ರೋಲರ್ ಬದಲಿಸುವ ಸಮಯವೂ ಸೇರಿ ಪಂದ್ಯಕ್ಕೆ ಎಂಟು ನಿಮಿಷ ಎಂದಿಟ್ಟುಕೊಂಡರೆ, ಒಂದೇ ಕನ್ಸೋಲ್‌ನಲ್ಲಿ ಎಂಟು ಗಂಟೆ ದಾಟುತ್ತದೆ. ನಾಲ್ಕು ಕನ್ಸೋಲ್ ಇಟ್ಟರೆ ಮೂರು ಗಂಟೆಯೊಳಗೆ ಆಸುಪಾಸಿನಲ್ಲಿ ಮುಗಿಸಬಹುದು. ಬೆಳಗ್ಗೆ ಹತ್ತಕ್ಕೆ ಶುರು ಮಾಡಿದರೆ ಊಟದ ಹೊತ್ತಿಗೆ ಬಹುಮಾನ ಕೊಡಬಹುದು. ಕೊರತೆ ಇರುವುದು ಸಮಯದ್ದಲ್ಲ, ಕನ್ಸೋಲ್‌ದು. ಎರಡೇ ಇದ್ದರೆ 16 ಜನರಿಗೆ ಮಿತಿ ಹಾಕುವುದು ಲೇಸು. 64 ಜನರಿಂದ ಫೀ ತೆಗೆದುಕೊಂಡು ಅರ್ಧದಲ್ಲಿ ‘ಟೈಮ್ ಆಯ್ತು, ಇನ್ಮೇಲೆ ಒಂದೇ ರೌಂಡ್’ ಅನ್ನುವುದು ಆಟದ ನಡುವೆ ಆಟ ಬದಲಿಸಿದ ಹಾಗೆ.

ಸೋತವನು ಬದಲಿಸಬಹುದು, ಗೆದ್ದವನು ಬದಲಿಸುವಂತಿಲ್ಲ

ಎರಡನೇ ನಿಯಮ ಪಾತ್ರಗಳ ಆಯ್ಕೆಗೆ ಸಂಬಂಧಿಸಿದ್ದು. ಸಾಮಾನ್ಯವಾಗಿ ಒಂದು ಪಂದ್ಯ ಎಂದರೆ ಮೂರು ಆಟಗಳಲ್ಲಿ ಎರಡು ಗೆದ್ದವನು ವಿಜೇತ. ಫೈನಲ್ ಹಂತದಲ್ಲಿ ಐದರಲ್ಲಿ ಮೂರು. ಪ್ರತಿ ಆಟ ಮುಗಿದ ಮೇಲೆ ಸೋತವನು ತನ್ನ ಪಾತ್ರ ಬದಲಿಸಿಕೊಳ್ಳಬಹುದು. ಗೆದ್ದವನು ಅದೇ ಪಾತ್ರದಲ್ಲಿ ಮುಂದುವರಿಯಬೇಕು. ಒಂದೊಂದು ಪಾತ್ರಕ್ಕೂ ಇನ್ನೊಂದರ ಎದುರು ಸ್ವಲ್ಪ ಮೇಲುಗೈ, ಸ್ವಲ್ಪ ಕೆಳಗೈ ಇರುತ್ತದೆ. ಗೆದ್ದವನೂ ಬದಲಿಸಬಹುದು ಎಂದಾದರೆ, ‘ನೀನು ಮೊದಲು ಆರಿಸು, ಆಮೇಲೆ ನಾನು’ ಎಂದು ಇಬ್ಬರೂ ಕಾಯುತ್ತಾ ಕೂರುತ್ತಾರೆ.

ಮೊದಲ ಆಟದಲ್ಲೂ ಇದೇ ತಗಾದೆ. ಅದಕ್ಕೆ ಪರಿಹಾರ ಗುಟ್ಟಿನ ಆಯ್ಕೆ. ಯಾರಾದರೂ ಒಬ್ಬ ಆಟಗಾರ ಕೇಳಿಕೊಂಡರೆ, ಒಬ್ಬ ತೀರ್ಪುಗಾರನ ಕಿವಿಯಲ್ಲಿ ತನ್ನ ಪಾತ್ರದ ಹೆಸರು ಹೇಳುತ್ತಾನೆ. ಆಮೇಲೆ ಇನ್ನೊಬ್ಬ ಎಲ್ಲರೆದುರು ಆರಿಸುತ್ತಾನೆ. ಕೊನೆಗೆ ಮೊದಲನೆಯವನು ತಾನು ಹೇಳಿದ್ದನ್ನೇ ಆರಿಸಬೇಕು. ಎಡಬದಿ ಯಾರಿಗೆ, ಬಲಬದಿ ಯಾರಿಗೆ ಎಂಬುದಕ್ಕೆ ಟಾಸ್. ಬೆರಳಿನ ಅಭ್ಯಾಸ ಒಂದು ದಿಕ್ಕಿಗೆ ಕೂತಿರುವವನಿಗೆ ಬದಿಯೂ ಮುಖ್ಯ. ಟೆಕನ್‌ನಲ್ಲಿ ಅಖಾಡಕ್ಕೆ ಗೋಡೆ ಇದೆಯೋ, ನೆಲ ಒಡೆಯುತ್ತದೋ ಎಂಬುದರ ಮೇಲೆ ಆಟವೇ ಬದಲಾಗುವುದರಿಂದ, ಅದನ್ನು ಯಂತ್ರವೇ ಚೀಟಿ ಎತ್ತಿದ ಹಾಗೆ ಆರಿಸಲಿ ಎಂಬುದು ರೂಢಿ.

ತೀರಾ ಬಲಶಾಲಿಯಾದ ಪಾತ್ರವನ್ನು ನಿಷೇಧಿಸಬಹುದೇ? ಅಪರೂಪಕ್ಕೆ ಹೌದು. ಹಳೆಯ ಸೂಪರ್ ಸ್ಟ್ರೀಟ್ ಫೈಟರ್ 2 ಟರ್ಬೊದಲ್ಲಿ ಅಕುಮಾ ಎಂಬ ಪಾತ್ರವನ್ನು ಟೂರ್ನಿಗಳಿಂದ ಹೊರಗಿಟ್ಟದ್ದು ಈ ವಲಯದಲ್ಲಿ ಎಲ್ಲರಿಗೂ ತಿಳಿದ ಕತೆ. ಆ ಪಾತ್ರ ಇದ್ದರೆ ಬೇರೆ ಯಾವುದನ್ನೂ ಆರಿಸುವುದರಲ್ಲಿ ಅರ್ಥವೇ ಇರಲಿಲ್ಲ. ಆದರೆ ಅದು ವರ್ಷಗಟ್ಟಲೆ ಆಡಿ ನೋಡಿ ಬಂದ ತೀರ್ಮಾನ. ತಾನು ಎರಡು ಸಲ ಸೋತ ಪಾತ್ರವನ್ನು ಆಯೋಜಕನೊಬ್ಬ ಬೆಳಗ್ಗೆ ಬಂದು ‘ಇದು ಬೇಡ’ ಅನ್ನುವುದು ಬೇರೆ.

ಕಂಟ್ರೋಲರ್ ತಂದವನದೇ ಹೊಣೆ

ಹೆಚ್ಚು ತಕರಾರು ಬರುವುದು ಕೈಯಲ್ಲಿರುವ ಕಂಟ್ರೋಲರ್ ಬಗ್ಗೆ. ಅಂತರರಾಷ್ಟ್ರೀಯ ರೂಢಿ ಹೀಗಿದೆ: ಆಟಗಾರ ತನ್ನದೇ ಕಂಟ್ರೋಲರ್ ತರಬಹುದು, ಅದು ಕೈಕೊಟ್ಟರೆ ಹೊಣೆಯೂ ಅವನದೇ. ಪಂದ್ಯ ಶುರುವಾಗುವ ಮುನ್ನ ಬಟನ್‌ಗಳನ್ನು ಪರೀಕ್ಷಿಸಿಕೊಳ್ಳಲು ಸಮಯ ಕೊಡಬೇಕು. ಒಮ್ಮೆ ಒತ್ತಿದರೆ ಹತ್ತು ಸಲ ಒತ್ತಿದಂತೆ ಮಾಡುವ ಟರ್ಬೊ, ಒಂದೇ ಬಟನ್‌ನಲ್ಲಿ ಇಡೀ ಸರಣಿ ಏಟು ಹೊಡೆಸುವ ಮ್ಯಾಕ್ರೊ ಎರಡೂ ನಿಷಿದ್ಧ. ಬೆರಳಿನ ಕೆಲಸವನ್ನು ಬೆರಳೇ ಮಾಡಬೇಕು ಎಂಬುದು ಇದರ ತಿರುಳು.

ಈಚೆಗೆ ಕೋಲು ಇಲ್ಲದ, ಬರೀ ಬಟನ್‌ಗಳಿರುವ ಕಂಟ್ರೋಲರ್‌ಗಳು ಬಂದ ಮೇಲೆ ಇನ್ನೊಂದು ಸಮಸ್ಯೆ ಹುಟ್ಟಿತು. ಮಾಮೂಲಿ ಕೋಲನ್ನು ಒಂದೇ ಕ್ಷಣದಲ್ಲಿ ಎಡಕ್ಕೂ ಬಲಕ್ಕೂ ತಳ್ಳಲು ಆಗದು. ಬಟನ್‌ಗಳಾದರೆ ಎರಡನ್ನೂ ಒಟ್ಟಿಗೆ ಒತ್ತಬಹುದು. ಆಗ ಯಂತ್ರ ಯಾವುದನ್ನು ಪರಿಗಣಿಸಬೇಕು? ಸ್ಟ್ರೀಟ್ ಫೈಟರ್‌ನ ಗೈಲ್‌ನಂಥ ಪಾತ್ರ ಹಿಂದಕ್ಕೆ ಒತ್ತಿ ಹಿಡಿದು, ನಂತರ ಮುಂದಕ್ಕೆ ಒತ್ತಿದರೆ ಮಾತ್ರ ತನ್ನ ಮುಖ್ಯ ಅಸ್ತ್ರ ಬಿಡುತ್ತಾನೆ. ಕೊನೆಗೆ ಒತ್ತಿದ ಬಟನ್‌ಗೇ ಬೆಲೆ ಎಂದಾದರೆ, ಹಿಂದಿನ ಬಟನ್‌ನಿಂದ ಬೆರಳು ತೆಗೆಯದೆಯೇ ಅಸ್ತ್ರ ಬಿಡಬಹುದು. ಕೋಲು ಹಿಡಿದವನಿಗೆ ಆ ಸೌಲಭ್ಯ ಇಲ್ಲ.

2019ರಲ್ಲಿ ಡೈಗೊ ಬಳಸುತ್ತಿದ್ದ ಗಾಫ್ರೊ ಬಾಕ್ಸ್ ಎಂಬ ಇಂಥ ಕಂಟ್ರೋಲರ್‌ಗೆ ಕ್ಯಾಪ್‌ಕಾಮ್ ಪ್ರೊ ಟೂರ್‌ನಲ್ಲಿ ತಡೆ ಬಿತ್ತು. 2023ರಲ್ಲಿ ಕ್ಯಾಪ್‌ಕಾಮ್ ನಿಯಮವನ್ನು ಇನ್ನಷ್ಟು ಬಿಗಿ ಮಾಡಿ, ವಿರುದ್ಧ ದಿಕ್ಕುಗಳನ್ನು ಒಟ್ಟಿಗೆ ಒತ್ತಿದಾಗ ಒಂದಕ್ಕೆ ಮಾತ್ರ ಬೆಲೆ ಕೊಡುವ ಕಂಟ್ರೋಲರ್ ನಡೆಯದು ಎಂದಿತು. ಈ ಆಟದ ಅತಿ ದೊಡ್ಡ ಹೆಸರಿಗೂ ಅದೇ ನಿಯಮ, ಮೊದಲ ಸಲ ಬಂದವನಿಗೂ ಅದೇ ನಿಯಮ.

ಜಿಲ್ಲೆಯ ಮಟ್ಟದಲ್ಲಿ ಈ ಪ್ರಶ್ನೆ ತಲೆಕೆಳಗಾಗಿ ಬರುತ್ತದೆ. ಇಲ್ಲಿ ದುಬಾರಿ ಕಂಟ್ರೋಲರ್ ತರುವವನು ಒಬ್ಬಿಬ್ಬರು. ಉಳಿದವರೆಲ್ಲ ಅಂಗಡಿಯವರು ಕೊಟ್ಟದ್ದರಲ್ಲೇ ಆಡುವವರು. ಆ ಕಂಟ್ರೋಲರ್‌ನ ಕೋಲು ಸವೆದು ತಾನಾಗೇ ಒಂದು ಕಡೆ ವಾಲುತ್ತಿದ್ದರೆ? ತನ್ನದು ಇಲ್ಲದವನಿಗೆ ಸುಸ್ಥಿತಿಯಲ್ಲಿರುವ ಎರಡು ಒಂದೇ ಬಗೆಯ ಕಂಟ್ರೋಲರ್ ಕೊಡುವುದು, ಪಂದ್ಯದ ನಡುವೆ ಕೆಟ್ಟರೆ ಏನು ಎಂದು ಮೊದಲೇ ಬರೆದಿಡುವುದು ಇಲ್ಲಿನ ಟೂರ್ನಿಗೆ ಬೇಕಾದ ನಿಯಮ. ಇಲ್ಲದಿದ್ದರೆ ಕಂಟ್ರೋಲರ್ ಕೊಳ್ಳಲಾಗದ ಹುಡುಗ ಸೋಲುವುದು ಎದುರಾಳಿಗಲ್ಲ.

ಸೆಕೆಂಡಿನ ಅರವತ್ತನೇ ಒಂದು ಪಾಲು

ಈ ಆಟಗಳು ಸೆಕೆಂಡಿಗೆ 60 ಚಿತ್ರಗಳ ವೇಗದಲ್ಲಿ ಓಡುತ್ತವೆ. ಟೆಕನ್‌ನಲ್ಲಿ ಅತಿ ವೇಗದ ಗುದ್ದು ಹತ್ತು ಚಿತ್ರಗಳಷ್ಟು ಹೊತ್ತಿನಲ್ಲಿ ತಾಗುತ್ತದೆ, ಅಂದರೆ ಸೆಕೆಂಡಿನ ಆರನೇ ಒಂದು ಭಾಗ. ಸ್ಟ್ರೀಟ್ ಫೈಟರ್ 6ರಲ್ಲಿ ನಾಲ್ಕೇ ಚಿತ್ರಗಳ ಏಟುಗಳಿವೆ. ಇಂಥಲ್ಲಿ ಯಾರಾದರೂ ನಡುವೆ ಪಾಸ್ ಬಟನ್ ಒತ್ತಿದರೆ ಎದುರಾಳಿಯ ಲಯ ಅಲ್ಲಿಗೆ ಮುರಿಯಿತು. ಅದಕ್ಕೇ ಬಹುತೇಕ ಕಡೆ ನಿಯಮ ಕಠಿಣ: ಆಟದ ನಡುವೆ ಪಾಸ್ ಆದರೆ, ಬೇಕಂತ ಒತ್ತಿದ್ದೋ ಕೈತಪ್ಪಿ ಒತ್ತಿದ್ದೋ ಎಂಬ ವಿಚಾರಣೆ ಇಲ್ಲ, ಆ ಸುತ್ತು ಹೋಯ್ತು. ಕ್ರೂರ ಎನಿಸಬಹುದು. ಆದರೆ ‘ಬೇಕಂತ ಒತ್ತಿಲ್ಲ ಗುರು’ ಎಂಬ ಮಾತನ್ನು ತೂಗುವ ತಕ್ಕಡಿ ಯಾವ ತೀರ್ಪುಗಾರನ ಬಳಿಯೂ ಇಲ್ಲ. ಸೆಟ್ಟಿಂಗ್ಸ್‌ನಲ್ಲಿ ಪಾಸ್ ಬಟನ್ ಒತ್ತಿ ಹಿಡಿದರೆ ಮಾತ್ರ ಕೆಲಸ ಮಾಡುವಂತೆ ಇಡುವುದು, ಅಥವಾ ಪೂರ್ತಿ ತೆಗೆದುಹಾಕುವುದು ಆಯೋಜಕರ ಕರ್ತವ್ಯ. ಹಿಂದಿನ ಪಂದ್ಯದವನು ಜೇಬಿನಲ್ಲಿಟ್ಟುಕೊಂಡು ಹೋದ ವೈರ್‌ಲೆಸ್ ಕಂಟ್ರೋಲರ್ ಇನ್ನೂ ಕನ್ಸೋಲ್‌ಗೆ ಜೋಡಿಯಾಗಿದ್ದು, ದೂರದಲ್ಲಿ ಬಟನ್ ಒತ್ತಿ ಇಲ್ಲಿ ಆಟ ನಿಲ್ಲುವುದೂ ಉಂಟು. ‘ಪಂದ್ಯ ಮುಗಿದ ತಕ್ಷಣ ಸಂಪರ್ಕ ಕಡಿಯಬೇಕು’ ಎಂಬ ಸಾಲು ಪಟ್ಟಿಗೆ ಸೇರಿದ್ದು ಹೀಗೆ.

ಪರದೆಯೂ ಆಟದ ಭಾಗ. ಮನೆಯ ದೊಡ್ಡ ಟಿವಿ ಚಿತ್ರವನ್ನು ಅಂದಗೊಳಿಸುವ ಭರದಲ್ಲಿ ಅದನ್ನು ತುಸು ತಡವಾಗಿ ತೋರಿಸುತ್ತದೆ. 50 ಮಿಲಿ ಸೆಕೆಂಡ್ ತಡ ಅಂದರೆ ಮೂರು ಚಿತ್ರ. ಬರಿಗಣ್ಣಿಗೆ ಕಾಣದು, ಏಟು ತಡೆಯಲು ನಿಂತವನಿಗೆ ಕಾಣುತ್ತದೆ. ಟಿವಿಯನ್ನು ಗೇಮ್ ಮೋಡ್‌ಗೆ ಹಾಕುವುದು, ಎಲ್ಲ ಪಂದ್ಯಕ್ಕೂ ಒಂದೇ ಬಗೆಯ ಪರದೆ ಇಡುವುದು, ಎಲ್ಲ ಕನ್ಸೋಲ್‌ನಲ್ಲೂ ಆಟದ ಒಂದೇ ಆವೃತ್ತಿ ಹಾಕುವುದು ಖರ್ಚಿಲ್ಲದ ಕೆಲಸಗಳು.

ಇಲ್ಲಿಗೇ ಬೇಕಾದ ಇನ್ನೊಂದು ಸಾಲಿದೆ: ಕರೆಂಟ್ ಹೋದರೆ ಏನು? ಗೆದ್ದ ಸುತ್ತುಗಳು ಹಾಗೇ ಉಳಿಯುತ್ತವೋ, ಇಡೀ ಆಟ ಹೊಸದಾಗಿ ಶುರುವೋ? ಪಾತ್ರ ಬದಲಿಸಬಹುದೋ? ನ್ಯಾಯವಾಗಿ ಕಾಣುವ ದಾರಿ, ಮುಗಿದ ಆಟಗಳ ಫಲಿತಾಂಶ ಉಳಿಸಿಕೊಂಡು, ನಿಂತುಹೋದ ಆಟವನ್ನು ಅದೇ ಪಾತ್ರ, ಅದೇ ಅಖಾಡದಲ್ಲಿ ಮತ್ತೆ ಆಡಿಸುವುದು. ಯಾವುದೇ ದಾರಿ ಹಿಡಿಯಲಿ, ಕರೆಂಟ್ ಹೋಗುವ ಮೊದಲು ಬರೆದಿರಬೇಕು. ಸೋಲುತ್ತಿದ್ದವನು ಆಯೋಜಕನ ಗೆಳೆಯನಾಗಿದ್ದರೆ, ಕತ್ತಲಲ್ಲಿ ಮಾಡಿದ ನಿಯಮವನ್ನು ಯಾರೂ ನಂಬುವುದಿಲ್ಲ.

ನಿಯಮ ತರಿಸಿಕೊಳ್ಳಬಹುದು, ದುಡ್ಡಿನ ಪದ್ಧತಿ ತರಿಸಿಕೊಳ್ಳುವಂತಿಲ್ಲ

ಇಲ್ಲಿಯವರೆಗಿನ ನಿಯಮಗಳನ್ನು ಹೊರಗಿನಿಂದ ಹಾಗೇ ಎತ್ತಿಕೊಳ್ಳಬಹುದು. ದುಡ್ಡಿನ ವಿಷಯದಲ್ಲಿ ಹಾಗಾಗದು. ಅಮೆರಿಕದ ಸಣ್ಣ ಟೂರ್ನಿಗಳಲ್ಲಿ ಎಲ್ಲರ ಎಂಟ್ರಿ ಫೀಯನ್ನು ಒಂದು ಕಡೆ ಗುಡ್ಡೆ ಹಾಕಿ, ಮೊದಲಿನವನಿಗೆ ಶೇ 70, ಎರಡನೆಯವನಿಗೆ 20, ಮೂರನೆಯವನಿಗೆ 10 ಎಂದು ಹಂಚುವುದು ಬಹಳ ಕಾಲದ ರೂಢಿ. ಇಲ್ಲಿ ಅದನ್ನು ಕಾಪಿ ಹೊಡೆದರೆ ತೊಂದರೆಗೆ ಸಿಕ್ಕಿಕೊಳ್ಳುವ ಸಂಭವ ಇದೆ.

2025ರ ಕಾಯ್ದೆಯ ಪ್ರಕಾರ ಇ-ಸ್ಪೋರ್ಟ್ ಅನಿಸಿಕೊಳ್ಳಲು ಹಲವು ಷರತ್ತುಗಳಿವೆ. ಬಹುಕ್ರೀಡಾಕೂಟಗಳ ಭಾಗವಾಗಿ ಆಡುವ ಆಟವಾಗಿರಬೇಕು. ಮೊದಲೇ ನಿಗದಿಯಾದ ನಿಯಮಗಳಡಿ ಸಂಘಟಿತ ಸ್ಪರ್ಧೆಯಾಗಿರಬೇಕು. ರಾಷ್ಟ್ರೀಯ ಕ್ರೀಡಾ ಆಡಳಿತ ಕಾಯ್ದೆಯಡಿ ಮಾನ್ಯತೆ, ಪ್ರಾಧಿಕಾರದಲ್ಲಿ ನೋಂದಣಿ ಇರಬೇಕು. ಫಲಿತಾಂಶ ಕೈಚಳಕ, ಬುದ್ಧಿ, ತಂತ್ರಗಳಿಂದ ಮಾತ್ರ ನಿರ್ಧಾರವಾಗಬೇಕು. ಸ್ಪರ್ಧೆಗೆ ಸೇರಲು ಅಥವಾ ಆಡಳಿತದ ಖರ್ಚಿಗೆ ಮಾತ್ರ ಶುಲ್ಕ ಪಡೆಯಬಹುದು, ಆಟದ ಸಾಧನೆಗೆ ಬಹುಮಾನ ಕೊಡಬಹುದು. ಆಡುವವರಾಗಲಿ, ನೋಡುವವರಾಗಲಿ ಬಾಜಿ ಕಟ್ಟುವಂತಿಲ್ಲ.

ಇನ್ನೊಂದು ಬದಿಯಲ್ಲಿ, ಗೆದ್ದರೆ ದುಡ್ಡು ಬರುತ್ತದೆಂಬ ನಿರೀಕ್ಷೆಯಲ್ಲಿ ಹಣ ಕಟ್ಟಿ ಆಡುವ ಆನ್‌ಲೈನ್ ಆಟ, ಅದು ಕೌಶಲದ್ದಾಗಲಿ ಅದೃಷ್ಟದ್ದಾಗಲಿ, ‘ಹಣದ ಆಟ’. ಅದನ್ನು ನಡೆಸುವವರಿಗೆ ಮೂರು ವರ್ಷದವರೆಗೆ ಜೈಲು, ಒಂದು ಕೋಟಿ ರೂಪಾಯಿವರೆಗೆ ದಂಡ ವಿಧಿಸಲು ಅವಕಾಶವಿದೆ. ಕಾಯ್ದೆಯನ್ನು ಅಕ್ಷರಶಃ ಓದಿದರೆ, ಎಲ್ಲೂ ನೋಂದಣಿಯಾಗದ, ನೂರು ರೂಪಾಯಿ ಫೀ ಪಡೆದು ಅದನ್ನೇ ಬಹುಮಾನವಾಗಿ ಹಂಚುವ ಆನ್‌ಲೈನ್ ಟೂರ್ನಿ ಈ ಎರಡರ ನಡುವಿನ ಇಕ್ಕಟ್ಟಿನಲ್ಲಿ ನಿಲ್ಲುತ್ತದೆ. ಒಂದೇ ಕನ್ಸೋಲ್ ಮುಂದೆ ಇಬ್ಬರು ಕೂತು ಇಂಟರ್ನೆಟ್ ಇಲ್ಲದೆ ಆಡಿದರೆ ಅದು ಈ ಕಾಯ್ದೆಯ ವ್ಯಾಪ್ತಿಗೆ ಬರುತ್ತದೋ ಇಲ್ಲವೋ ಎಂಬುದು ವಾದದ ವಿಷಯ. ಆದರೆ ಹಿಂದೆ ನಿಂತವರು ‘ನನ್ನದು ಇವನ ಮೇಲೆ ಇನ್ನೂರು’ ಎಂದರೆ ಅದಕ್ಕೆ ರಾಜ್ಯದ ಪೊಲೀಸ್ ಕಾಯ್ದೆಯ ಜೂಜಿನ ಕಲಮುಗಳು ಹಳೆಯ ಕಾಲದಿಂದಲೂ ಇವೆ.

ಕರ್ನಾಟಕಕ್ಕೆ ಈ ಜಗಳ ಹೊಸದಲ್ಲ. ಬೆಂಗಳೂರಿನ ವಿಡಿಯೊ ಗೇಮ್ ಪಾರ್ಲರ್‌ಗಳಿಗೆ ಲೈಸೆನ್ಸ್ ಬೇಕೆಂಬ ಸರ್ಕಾರದ ನಿಲುವನ್ನು ಎಂ.ಜೆ. ಶಿವಾನಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1995ರಲ್ಲೇ ಎತ್ತಿಹಿಡಿದಿತ್ತು. ಯಂತ್ರವನ್ನೇ ತಿದ್ದಿ ಆಟಗಾರ ಗೆಲ್ಲದಂತೆ ಮಾಡಬಹುದು ಎಂಬುದು ಅಂದಿನ ಚರ್ಚೆಯ ಒಂದು ಭಾಗ. ರಾಜ್ಯ ಸರ್ಕಾರ 2021ರಲ್ಲಿ ಪೊಲೀಸ್ ಕಾಯ್ದೆಗೆ ತಂದ ತಿದ್ದುಪಡಿಯ ಮುಖ್ಯ ಅಂಶಗಳನ್ನು ಹೈಕೋರ್ಟ್ 2022ರ ಫೆಬ್ರುವರಿ 14ರಂದು ರದ್ದು ಮಾಡಿತು. ಕೌಶಲದ ಆಟ ಬೇರೆ, ಅದೃಷ್ಟದ ಆಟ ಬೇರೆ ಎಂಬ ವಾದ ಅಲ್ಲಿ ಗೆದ್ದಿತ್ತು. ಕೇಂದ್ರದ 2025ರ ಕಾಯ್ದೆ ಆ ವ್ಯತ್ಯಾಸವನ್ನೇ ಬದಿಗಿಟ್ಟಿದೆ. ಅದನ್ನು ಪ್ರಶ್ನಿಸಿದ ಅರ್ಜಿ ಕರ್ನಾಟಕ ಹೈಕೋರ್ಟ್‌ಗೂ ಬಂದು, ಬೇರೆ ಹೈಕೋರ್ಟ್‌ಗಳ ಅರ್ಜಿಗಳ ಜೊತೆ ಸುಪ್ರೀಂ ಕೋರ್ಟ್‌ಗೆ ವರ್ಗವಾಯಿತು.

ಹೀಗಿರುವಾಗ ಸುರಕ್ಷಿತ ದಾರಿ ಸರಳ. ಬಹುಮಾನದ ಮೊತ್ತ ಎಷ್ಟು ಜನ ಸೇರುತ್ತಾರೆ ಎಂಬುದರ ಮೇಲೆ ನಿಲ್ಲದೆ, ಮೊದಲೇ ನಿಗದಿಯಾಗಿರಲಿ. ಅದು ಕಾಲೇಜಿನ ನಿಧಿಯಿಂದಲೋ ಪ್ರಾಯೋಜಕರಿಂದಲೋ ಬರಲಿ. ಫೀ ಹಣ ಜಾಗಕ್ಕೆ, ಕನ್ಸೋಲ್ ಬಾಡಿಗೆಗೆ ಹೋಯಿತು ಎಂಬ ಲೆಕ್ಕ ಬರಹದಲ್ಲಿರಲಿ. ‘ನೀನು ಸೋತುಬಿಡು, ದುಡ್ಡು ಅರ್ಧರ್ಧ’ ಎಂಬ ಒಳಒಪ್ಪಂದ ಸಾಬೀತಾದರೆ ಇಬ್ಬರಿಗೂ ಬಹುಮಾನ ಇಲ್ಲ ಎಂಬ ಸಾಲು ಅಂತರರಾಷ್ಟ್ರೀಯ ಟೂರ್ನಿಗಳಲ್ಲಿ ಇರುವಂತೆ ಇಲ್ಲೂ ಇರಲಿ.

ಇಷ್ಟು ಸಣ್ಣ ಟೂರ್ನಿಗೆ ಇಷ್ಟೆಲ್ಲ ಬೇಕಾ?

ಈ ಪ್ರಶ್ನೆ ನ್ಯಾಯವಾದದ್ದೇ. ಹದಿನಾರು ಹುಡುಗರು ಸೇರಿ ಭಾನುವಾರ ಆಡುವ ಆಟಕ್ಕೆ ಕಾನೂನು ಪುಸ್ತಕ ಯಾಕೆ? ನಿಯಮ ಜಾಸ್ತಿಯಾದಷ್ಟೂ ಮೋಜು ಕಡಿಮೆ ಎಂಬ ಮಾತಿನಲ್ಲೂ ಸತ್ಯ ಇಲ್ಲದಿಲ್ಲ. ಫೀ ಇಲ್ಲದ, ಬಹುಮಾನ ಇಲ್ಲದ ಆಟಕ್ಕೆ ಯಾವ ಪುಟವೂ ಬೇಡ. ಆದರೆ ದುಡ್ಡು ಪಡೆದ ಕ್ಷಣದಿಂದ ಆಟಗಾರನಿಗೆ ತಾನು ಏನಕ್ಕೆ ಒಪ್ಪಿದೆ ಎಂದು ತಿಳಿಯುವ ಹಕ್ಕಿದೆ.

ಇನ್ನೊಂದು ಕಾರಣ ದೂರದ್ದು. ಲಾಹೋರ್‌ನ ಆರ್ಕೇಡ್‌ಗಳಲ್ಲಿ ಆಡಿ ಬೆಳೆದ ಅರ್ಸಲಾನ್ ಆ್ಯಶ್ 2019ರ ಫೆಬ್ರುವರಿಯಲ್ಲಿ ಜಪಾನಿಗೆ ಹೋಗಿ ಇವೊ ಜಪಾನ್‌ನ ಟೆಕನ್ 7 ಕಿರೀಟ ಗೆದ್ದರು. ಅದೇ ವರ್ಷ ಅಮೆರಿಕದ ಇವೊವನ್ನೂ ಗೆದ್ದರು. ಅವರ ಊರಿನ ಆಟಗಾರರು ನಿಜಕ್ಕೂ ಇಷ್ಟು ಬಲವೇ ಎಂದು ನೋಡಲು ಕೊರಿಯಾದ ಪ್ರಸಿದ್ಧ ಆಟಗಾರ ‘ನೀ’ ಪಾಕಿಸ್ತಾನಕ್ಕೇ ಬಂದು ಆಡಿದರು, ಅಲ್ಲಿನ ಹುಡುಗರಿಗೆ ಸೋತರು ಕೂಡ. ಸಣ್ಣ ಊರಿನ ಅಂಗಡಿಯಿಂದ ದೊಡ್ಡ ವೇದಿಕೆಗೆ ದಾರಿ ಇದೆ ಎಂಬುದಕ್ಕೆ ನಮ್ಮ ಭಾಗದಲ್ಲಿ ಇದಕ್ಕಿಂತ ಹತ್ತಿರದ ಉದಾಹರಣೆ ಇಲ್ಲ. ಹಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ ಸ್ಟ್ರೀಟ್ ಫೈಟರ್ 5ರ ಚಿನ್ನ ಗೆದ್ದ ಕೊರಿಯಾದ ಕಿಮ್ ಗ್ವಾನ್-ವೂ ಅವರಿಗೆ ಆಗ 44 ವರ್ಷ. ಭಾರತದಿಂದ ಮಯಾಂಕ್ ಪ್ರಜಾಪತಿ, ಅಯಾನ್ ಬಿಸ್ವಾಸ್ ಅದೇ ಆಟದಲ್ಲಿ ಕಣಕ್ಕಿಳಿದಿದ್ದರು. ಇದರಲ್ಲಿ ದುಬಾರಿ ತರಬೇತಿ ಕೇಂದ್ರಕ್ಕಿಂತ, ವಯಸ್ಸಿಗಿಂತ, ಸರಿಯಾದ ಪೈಪೋಟಿ ಸಿಗುವುದು ಮುಖ್ಯ.

ಆ ದಾರಿಯಲ್ಲಿ ಹೊರಡುವ ಹುಡುಗ ಅಥವಾ ಹುಡುಗಿ ಇಲ್ಲಿ ಒಂದು ನಿಯಮ, ಅಲ್ಲಿ ಇನ್ನೊಂದು ನಿಯಮದಲ್ಲಿ ಆಡಿದರೆ ಏನಾಗುತ್ತದೆ? ಗೆದ್ದ ಮೇಲೆ ಪಾತ್ರ ಬದಲಿಸುವ ಅಭ್ಯಾಸ, ನಡುವೆ ಪಾಸ್ ಒತ್ತಿ ಬೆವರು ಒರೆಸಿಕೊಳ್ಳುವ ಅಭ್ಯಾಸ, ಹೆಸರು ಕರೆದು ಹದಿನೈದು ನಿಮಿಷದ ಮೇಲೆ ಬಂದು ‘ಟ್ರಾಫಿಕ್ ಸಾರ್’ ಅನ್ನುವ ಅಭ್ಯಾಸ ಇವೆಲ್ಲ ದೊಡ್ಡ ಟೂರ್ನಿಯಲ್ಲಿ ಮೊದಲ ದಿನವೇ ಹೊರಗೆ ಹಾಕಿಸುತ್ತವೆ. ಗರಡಿಯಲ್ಲಿ ತಪ್ಪು ಪಟ್ಟು ಕಲಿತವನು ಅಖಾಡದಲ್ಲಿ ಕಲಿತದ್ದನ್ನು ಬಿಡುವುದು ಕಷ್ಟ.

ಪುಟದಲ್ಲಿ ಏನಿರಬೇಕು?

ಆಯೋಜಕರು ಪೋಸ್ಟರ್‌ನ ಜೊತೆಗೇ ಹಂಚಬಹುದಾದ, ಬಾಗಿಲಿಗೆ ಅಂಟಿಸಬಹುದಾದ ಒಂದು ಪುಟಕ್ಕೆ ಇಷ್ಟು ಸಾಕು:

- ಯಾವ ಆಟ, ಯಾವ ಆವೃತ್ತಿ, ಯಾವ ಕನ್ಸೋಲ್. ಸುತ್ತುಗಳು ಎಷ್ಟು, ಸಮಯ ಎಷ್ಟು. ಟೆಕನ್ 8ಕ್ಕೆ ಮೂರು ಸುತ್ತು ಗೆಲುವು, 60 ಸೆಕೆಂಡ್; ಸ್ಟ್ರೀಟ್ ಫೈಟರ್ 6ಕ್ಕೆ ಎರಡು ಸುತ್ತು ಗೆಲುವು, 99ರ ಗಡಿಯಾರ ಎಂಬುದು ರೂಢಿ.
- ಎರಡು ಸೋಲಿಗೆ ಹೊರಗೆ. ಮೂರರಲ್ಲಿ ಎರಡು, ಫೈನಲ್‌ನಲ್ಲಿ ಐದರಲ್ಲಿ ಮೂರು. ಗರಿಷ್ಠ ಎಷ್ಟು ಜನ.
- ಜೋಡಿ ಹೇಗೆ ಕಟ್ಟಿದ್ದು. ಚೀಟಿ ಎತ್ತಿದ್ದಾದರೆ ಎಲ್ಲರೆದುರು ಎತ್ತಿದ್ದು.
- ಸೋತವನು ಪಾತ್ರ ಬದಲಿಸಬಹುದು, ಗೆದ್ದವನಿಗಿಲ್ಲ. ಕೇಳಿದರೆ ಗುಟ್ಟಿನ ಆಯ್ಕೆ. ಅಖಾಡ ಯಂತ್ರದ ಆಯ್ಕೆ.
- ಟರ್ಬೊ, ಮ್ಯಾಕ್ರೊ ಇಲ್ಲ. ಕಂಟ್ರೋಲರ್ ಇಲ್ಲದವರಿಗೆ ಆಯೋಜಕರಿಂದ. ವೈರ್‌ಲೆಸ್ ಸಂಪರ್ಕ ಕಡಿಯುವುದು ಕಡ್ಡಾಯ.
- ನಡುವೆ ಪಾಸ್ ಆದರೆ ಸುತ್ತು ನಷ್ಟ. ಕರೆಂಟ್ ಹೋದರೆ ಏನು ಎಂಬ ಸಾಲು.
- ಹೆಸರು ಕರೆದ ಮೇಲೆ ಎಷ್ಟು ನಿಮಿಷ ಕಾಯುತ್ತಾರೆ. ಆಟದ ನಡುವೆ ಹಿಂದಿನಿಂದ ಹೇಳಿಕೊಡುವಂತಿಲ್ಲ.
- ಬಹುಮಾನ ಎಷ್ಟು, ಎಲ್ಲಿಂದ, ಯಾವತ್ತು ಕೈಗೆ. ಬಾಜಿ ಕಟ್ಟಿದರೆ ಹೊರಗೆ. ಒಳಒಪ್ಪಂದಕ್ಕೆ ಬಹುಮಾನ ಇಲ್ಲ.
- ತೀರ್ಪುಗಾರ ಯಾರು. ಅವರು ಅಂದು ಆಡುವವರಾಗಿರಬಾರದು.

ಇಷ್ಟಾದ ಮೇಲೂ ಪುಟದಲ್ಲಿ ಇಲ್ಲದ ತಕರಾರು ಬಂದೇ ಬರುತ್ತದೆ. ಆಗ ‘ಆಯೋಜಕರ ತೀರ್ಮಾನವೇ ಅಂತಿಮ’ ಎಂಬ ಸಾಲಿಗೆ ಅರ್ಥವಿದೆ. ಅದು ಪಟ್ಟಿಯ ಕೊನೆಯಲ್ಲಿರಲಿ, ಪಟ್ಟಿಯ ಬದಲಿಗೆ ಬೇಡ. ಆ ತೀರ್ಮಾನವನ್ನೂ ಬರೆದಿಟ್ಟುಕೊಂಡರೆ ಮುಂದಿನ ವರ್ಷದ ಪುಟಕ್ಕೆ ಅದೇ ಹೊಸ ಸಾಲು.

ಫೆಸ್ಟ್ ಪೋಸ್ಟರ್ ಮುಂದೆ ನಿಂತ ವಿದ್ಯಾರ್ಥಿ ಮತ್ತು ದುಡ್ಡು ಕೊಡುವ ಪೋಷಕರು ಕೇಳಬೇಕಾದ ಪ್ರಶ್ನೆಯೂ ಒಂದೇ. ‘ಬಹುಮಾನ ಎಷ್ಟು’ ಅಂತ ಕೇಳುವ ಮೊದಲು ‘ನಿಯಮದ ಪುಟ ಎಲ್ಲಿ’ ಅಂತ ಕೇಳಿದರೆ, ಮುಂದಿನ ಪೋಸ್ಟರ್‌ನಲ್ಲಿ ಅದು ತಾನಾಗೇ ಬರುತ್ತದೆ.